ಹೇಳಿದ್ದು ಆಂಟಿಯಲ್ಲ

ರೇಣುಕಾ, ಅಂದು ಪೊಲೀಸಿನವರ ಮುಂದೆ ‘ಅವಳು ಇಲ್ಲಿಲ್ಲ’ ಎಂದು ಹೇಳಿದವಳು ನಾನು. ಕೆಳಗಿನ ಮನೆಯ ಆಂಟಿಯಲ್ಲ—ನಾನು. ಇಷ್ಟು ವರ್ಷ ನೀನು ಆ ಹೆಂಗಸನ್ನು ಬೈದೆ, ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ. ಕೆಲವು ಸಲ ‘ಹೂಂ’ ಎಂದೂ ಅಂದೆ.

ನಿನಗೆ ಗೊತ್ತಿರುವುದನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ. ಕ್ರಮವಾಗಿ ಬರೆಯದಿದ್ದರೆ ನಾನು ಮಧ್ಯದಲ್ಲೆಲ್ಲೋ ತಪ್ಪಿಸಿಕೊಂಡುಬಿಡುತ್ತೇನೆ.

ಆಗ ನಾವು ಕುಂದಲಹಳ್ಳಿಯಲ್ಲಿ ಆಂಟಿಯ ಮನೆಯ ಮೇಲಿನ ಒಂದೇ ಕೋಣೆಯಲ್ಲಿದ್ದೆವು. ಇಬ್ಬರಿಗೂ ವೈಟ್‌ಫೀಲ್ಡಿನ ಒಂದೇ ಕಾಲ್ ಸೆಂಟರಿನಲ್ಲಿ ಕೆಲಸ. ನೀನು ಹೊಸದಾಗಿ ಸೇರಿದವರಿಗೆ ಇಂಗ್ಲಿಷ್ ಮಾತು ಕಲಿಸುತ್ತಿದ್ದೆ. ನಾನು ರೆಕಾರ್ಡಾದ ಕರೆಗಳನ್ನು ಕೇಳಿ ಅಂಕ ಹಾಕುತ್ತಿದ್ದೆ. ಮಾತನಾಡುವವರು ಎಲ್ಲಿ ತಡವರಿಸಿದರು, ಎಲ್ಲಿ ದನಿ ತಗ್ಗಿಸಿದರು, ಗಿರಾಕಿಯಿಂದ ಏನನ್ನು ಮುಚ್ಚಿಟ್ಟರು—ಇದನ್ನು ಹಿಡಿಯುವುದೇ ನನ್ನ ಕೆಲಸ. ತಪ್ಪು ಸಿಗದ ದಿನ ಮೇಲಿನವರು ನನ್ನನ್ನೇ ಅನುಮಾನಿಸುತ್ತಿದ್ದರು. ಸರಿಯಾಗಿ ಕೇಳಿಸಿಕೊಂಡೆಯಾ ಎಂದು.

ವಿಯೆಟ್ನಾಮಿಗೆ ಹೋಗೋಣ ಎಂದದ್ದು ನೀನು. ಅಲ್ಲಿನ ಒಂದು ಸಣ್ಣ ಊರಿನ ಇಂಗ್ಲಿಷ್ ಕಲಿಕಾ ಕೇಂದ್ರಕ್ಕೆ ಶಿಕ್ಷಕರು ಬೇಕಾಗಿದ್ದರು. ‘ಇಲ್ಲಿ ದೊಡ್ಡವ್ರ ನಾಲಿಗಿ ತಿದ್ದಿ ಸಾಕಾತು. ಅಲ್ಲಿ ಸಣ್ಣ ಹುಡುಗ್ರಿಗೆ ಎಬಿಸಿಡಿ ಹೇಳಿಕೊಡೂಣು. ಹೋದ್ರ ಇಬ್ರೂ, ಇಲ್ಲಂದ್ರ ಇಬ್ರೂ ಇಲ್ಲ, ತಿಳೀತಿಲ್ಲೋ?’ ಎಂದಿದ್ದೆ. ಕೊಪ್ಪಳದಿಂದ ಬಂದು ಅಷ್ಟು ವರ್ಷವಾದರೂ ನಿನ್ನ ಕನ್ನಡ ಒಂದಿಷ್ಟೂ ಬದಲಾಗಿರಲಿಲ್ಲ.

ಇಬ್ಬರೂ ಆನ್‌ಲೈನಿನಲ್ಲಿ ಅಲ್ಲಿನ ಮಕ್ಕಳಿಗೆ ಮಾದರಿ ಪಾಠ ಮಾಡಿ ತೋರಿಸಿದೆವು. ಅದಾದ ಮೇಲೆ ನೀನು ಫೋನು ಹಿಡಿದು ತಾರಸಿಗೆ ಹೋಗತೊಡಗಿದೆ. ನಾನು ಮೆಟ್ಟಿಲು ಹತ್ತಿದರೆ ಮಾತು ನಿಲ್ಲುತ್ತಿತ್ತು. ನೀನು ನೀರಿನ ಟ್ಯಾಂಕಿನ ಕಡೆ ಮುಖ ತಿರುಗಿಸುತ್ತಿದ್ದೆ. ನೀನು ಯಾವ ದಿನ ಹೋದೆ, ಎಷ್ಟು ಹೊತ್ತು ಮಾತನಾಡಿದೆ—ಎಲ್ಲವನ್ನೂ ನಾನು ಡೈರಿಯಲ್ಲಿ ಗುರುತು ಹಾಕಿಕೊಳ್ಳಲು ಶುರುಮಾಡಿದೆ. ಎಲ್ಲದಕ್ಕೂ ಲೆಕ್ಕ ಇಡುವ ನನ್ನ ಚಟವನ್ನು ನೀನು ಗೇಲಿ ಮಾಡುತ್ತಿದ್ದೆ. ಅದರೊಳಗೆ ನೀನೂ ಸೇರಿದ್ದು ನಿನಗೆ ತಿಳಿಯಲಿಲ್ಲ.

ಒಂದು ಸಂಜೆ ಒಣಗಿದ ಬಟ್ಟೆ ತರಲು ನಾನು ಮೇಲೆ ಬಂದಾಗ ನೀನು ಇಂಗ್ಲಿಷಿನಲ್ಲಿ, ತಗ್ಗಿದ ದನಿಯಲ್ಲಿ, ಅವಳಿಗೆ ಈಗಲೇ ತಿಳಿಸಬೇಡಿ, ಸಮಯ ನೋಡಿ ನಾನೇ ಹೇಳುತ್ತೇನೆ ಎನ್ನುತ್ತಿದ್ದೆ.

‘ಯಾರದು ಫೋನು?’

‘ಆಫೀಸಿಂದು. ಯಾಕ, ನನಗೂ ಮಾರ್ಕ್ಸ್ ಹಾಕ್ತೀಯೇನ್?’ ಎಂದು ನೀನು ನಕ್ಕೆ.

ನಗು ತುಸು ತಡವಾಗಿ ಬಂತು. ನಾನು ಅದನ್ನೂ ಗಮನಿಸಿದೆ. ನಿನ್ನನ್ನು ಮಾತ್ರ ಆರಿಸಿದ್ದಾರೆ, ಟಿಕೆಟ್ ಕೈಗೆ ಬಂದ ಮೇಲೆ ಹೇಳಿ ಹೊರಟುಬಿಡುತ್ತೀಯ—ಹೀಗೆಂದು ತೀರ್ಮಾನಿಸಿದೆ. ನಿನ್ನನ್ನು ನೇರವಾಗಿ ಕೇಳಬಹುದಿತ್ತು. ಒಂದೇ ಕೋಣೆ, ನಡುವೆ ಒಂದು ಚಾಪೆಯ ಅಂತರ... ಕೇಳಲಿಲ್ಲ.

ಹೊರದೇಶದ ಕೆಲಸಕ್ಕೆ ಪೊಲೀಸರ ಪ್ರಮಾಣಪತ್ರ ಬೇಕಿತ್ತು. ಅದಕ್ಕಾಗಿ ಅವರು ಮನೆಗೆ ಬಂದು, ಅರ್ಜಿ ಹಾಕಿದವರು ಅಲ್ಲೇ ಇರುವುದು ನಿಜವೇ ಎಂದು ಅಕ್ಕಪಕ್ಕದವರನ್ನು ವಿಚಾರಿಸುತ್ತಿದ್ದರು. ನನ್ನ ಸರದಿಯಲ್ಲಿ ನಾನು ಕೆಲಸದಲ್ಲಿದ್ದೆ. ನೀನು ಬಂದವರನ್ನು ಕೂರಿಸಿ, ಚಹಾ ಕೊಟ್ಟು, ‘ನನ್ನ ಅಕ್ಕ ಇದ್ದಂಗ್ರಿ ಸರ’ ಎಂದಿದ್ದೆ. ಆಂಟಿಯನ್ನೂ ನೀನೇ ಮೇಲೆ ಕರೆತಂದಿದ್ದೆ.

ನಿನ್ನ ಸರದಿ ಬರುವ ಮೊದಲು ನೀನು ಹೇಳಿದ್ದೆ: ‘ನನಗ ಫೋನ್ ಹಚ್ಚಿದ್ರ ಉಪಯೋಗಿಲ್ಲ, ಆಫೀಸ್ ಒಳಗ ಹೋಗೂಮುಂದ ಲಾಕರ್‌ನ್ಯಾಗ ಇಡಬೇಕು. ಪೊಲೀಸ್ರು ಬಂದ್ರ ನೀನ ಹೇಳಿಬಿಡು. ನಿಂದೊಂದು ಮಾತು ಸಾಕು.’

ಅವರು ಬಂದದ್ದು ಮಂಗಳವಾರ ಬೆಳಿಗ್ಗೆ. ಈ ಸಲ ಬೇರೊಬ್ಬರು. ನೀನು ಕೆಲಸದಲ್ಲಿದ್ದೆ. ಕೆಳಗೆ ಬೀಗ ಹಾಕಿತ್ತು—ಆಂಟಿ ಹೊಸಕೋಟೆಗೆ ಮದುವೆಗೆ ಹೋಗಿದ್ದರು.

‘ರೇಣುಕಾ ಅನ್ನೋರು ಇಲ್ಲೇನಮ್ಮಾ ಇರೋದು? ಫೋನ್ ಮಾಡಿದ್ರೆ ಎತ್ತುತ್ತಾನೇ ಇಲ್ಲ.’

‘ಅವಳು ಖಾಲಿ ಮಾಡಿದಳು ಸಾರ್. ಇಲ್ಲಿಲ್ಲ.’

‘ಎಲ್ಲಿಗೆ?’

‘ಗೊತ್ತಿಲ್ಲ ಸಾರ್.’

ನನ್ನ ಬೆನ್ನ ಹಿಂದೆ ಹಗ್ಗದ ಮೇಲೆ ನಿನ್ನ ಹಸಿರು ಚೂಡಿದಾರ ಒಣಗುತ್ತಿತ್ತು. ನಾನು ಬಾಗಿಲನ್ನು ಸ್ವಲ್ಪ ಎಳೆದುಕೊಂಡೆ. ದನಿ ನಡುಗಲಿಲ್ಲ, ಎಲ್ಲಿಯೂ ತಡವರಿಸಲಿಲ್ಲ. ಬೇರೆಯವರ ಸುಳ್ಳು ಕೇಳಿ ಕೇಳಿ ಹೇಗೆ ಹೇಳಬೇಕೆಂದು ಕಲಿತುಬಿಟ್ಟಿದ್ದೆ. ಅಂದಿನ ಡೈರಿಯಲ್ಲಿ ‘ಪೊಲೀಸರು ಬಂದು ಹೋದರು’ ಎಂದಷ್ಟೇ ಬರೆದೆ.

ಆ ವಿಳಾಸದಲ್ಲಿ ನೀನು ವಾಸವಿಲ್ಲ, ನೆರೆಯವರು ಹಾಗೆ ತಿಳಿಸಿದ್ದಾರೆ ಎಂದು ವರದಿ ಹೋಯಿತು. ಅವರು ಬಂದದ್ದನ್ನು ನಾನು ಹೇಳಿರಲಿಲ್ಲ; ಆಂಟಿಯದೇ ಕೆಲಸವೆಂದು ನೀನು ನೇರ ಕೆಳಗೆ ಓಡಿದೆ. ‘ನಾನವತ್ತು ಮನೇಲೇ ಇರ್ನಿಲ್ಲ ಕಣವ್ವ, ಆಣೆಗೂ’ ಎಂದು ಆಂಟಿ ಹೇಳುತ್ತಲೇ ಇದ್ದರು. ನಾನು ನಿನ್ನ ಹಿಂದೆ ನಿಂತಿದ್ದೆ. ಆಗ ಬಾಯಿ ತೆರೆದಿದ್ದರೆ—ಇಲ್ಲ, ಆ ವಾಕ್ಯವನ್ನು ಮುಗಿಸುವ ಹಕ್ಕು ನನಗಿಲ್ಲ.

ಮತ್ತೆ ಅರ್ಜಿ ಹಾಕಿ ಸರಿಪಡಿಸುವಷ್ಟರಲ್ಲಿ ಕೇಂದ್ರದವರು ನಿನ್ನ ಜಾಗಕ್ಕೆ ಬೇರೊಬ್ಬರನ್ನು ತೆಗೆದುಕೊಂಡಿದ್ದರು. ‘ನೀನರ ಹೋಗು. ಇಬ್ರೂ ಕುಂತು ಅತ್ರ ಏನ್ ಬಂತು?’ ಎಂದೆ ನೀನು. ನನ್ನ ಪೆಟ್ಟಿಗೆಗೆ ಹಗ್ಗ ಕಟ್ಟಿದ್ದೂ ನೀನೇ. ನೀನು ಮಾಡುವೆಯೆಂದು ನಾನು ಹೆದರಿದ್ದನ್ನು ನಾನೇ ಮಾಡಿದೆ. ಒಬ್ಬಳೇ ಹೊರಟೆ.

ಅಲ್ಲಿ ಸೇರಿದ ಮೊದಲ ವಾರವೇ ಕೇಂದ್ರದ ಮುಖ್ಯಸ್ಥೆ ಊಟಕ್ಕೆ ಕೂತಾಗ ಹೇಳಿದಳು. ನನ್ನ ಮಾದರಿ ಪಾಠ ಅವರಿಗೆ ಹಿಡಿಸಿರಲಿಲ್ಲವಂತೆ. ನಾನು ಮಾತು ಮಾತಿಗೂ ತಿದ್ದುತ್ತಿದ್ದುದರಿಂದ ಮಕ್ಕಳು ಬಾಯಿ ಬಿಡಲೇ ಇಲ್ಲವಂತೆ. ಅವರು ನನ್ನನ್ನು ಬೇಡವೆಂದಿದ್ದರು. ‘ನಿಮ್ಮ ಗೆಳತಿ ಬಿಡಲೇ ಇಲ್ಲ. ನಿಮಗೆ ಗೊತ್ತಾದರೆ ನೊಂದುಕೊಳ್ಳುತ್ತೀರಿ ಎಂದು, ನಿಮಗೆ ಹೇಳದಂತೆ ನಮ್ಮಿಂದ ಮಾತು ತೆಗೆದುಕೊಂಡು, ಮತ್ತೆ ಮತ್ತೆ ಫೋನ್ ಮಾಡಿ ಒಪ್ಪಿಸಿದಳು.’

ಅದನ್ನು ಕೇಳಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ. ಇದರಿಂದ ರೇಣುಕಾಗೆ ಏನು ಲಾಭವಿತ್ತು ಎಂಬ ಯೋಚನೆ. ನಾಚಿಕೆ ಆಮೇಲೆ ಬಂತು. ಇದನ್ನೂ ಬರೆಯಲೇಬೇಕು.

ವಾಪಸು ಬಂದ ನನಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೀನಿದ್ದ ಕಟ್ಟಡದಲ್ಲೇ ನೀನು ಮನೆ ಹುಡುಕಿಕೊಟ್ಟೆ. ನೀನು ಮೊದಲ ಮಹಡಿ, ನಾನು ಮೂರನೆಯದು. ದಿನವೂ ನಿನ್ನ ಬಾಗಿಲು ದಾಟಿ ಹತ್ತುತ್ತೇನೆ. ಆದರೂ ಹೇಳಲಿಲ್ಲ. ಮೊನ್ನೆ ನೀನೇ ಮೆಟ್ಟಿಲಲ್ಲಿ ನಿಲ್ಲಿಸಿ, ‘ಮತ್ತ ಅರ್ಜಿ ಹಾಕೀನಿ ಸುಜಿ, ಈ ಸಲ ಥಾಯ್ಲೆಂಡು. ಪೊಲೀಸ್ರು ಬಂದ್ರ ಸಾಕ್ಷಿಗೆ ನೀನ ಬೇಕು. ಆ ಆಂಟಿಯಂಥವ್ರನ್ನ ನಂಬಂಗಿಲ್ಲ’ ಎಂದೆ.

ನಿನ್ನೆ ಕುಂದಲಹಳ್ಳಿಗೆ ಹೋದೆ. ಆಂಟಿ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಎಲ್ಲವನ್ನೂ ಹೇಳಿದೆ.

‘ಅವತ್ತು ಅವ್ಳು ಇದೇ ಬಾಗ್ಲಲ್ಲಿ ನಿಂತ್ಕಂಡು ನನ್ನ ಮನೆಹಾಳಿ ಅಂದ್ಳು. ನೀನು ಇಂದೆ ನಿಂತಿದ್ದೆ. ನೆಪ್ಪದೆ ನಂಗೆ.’ ಸೊಪ್ಪಿನ ಮೊರವನ್ನು ಬದಿಗಿಟ್ಟರು. ‘ನನ್ ತಾವ ಯೋಳಿ ಏನ್ ಬಂತವ್ವ? ಅವ್ಳಿಗ್ ಯೋಳೋಗು.’

ಒಳಗೆ ಬಾ ಎನ್ನಲಿಲ್ಲ. ಅದು ಸರಿಯೇ.

ಈಗ ಕೆಳಗೆ ಬರುತ್ತಿದ್ದೇನೆ. ಈ ಹಾಳೆಗಳನ್ನು ತರುವುದು ಏನನ್ನೂ ಬಿಡಬಾರದೆಂದು. ಮೊದಲ ಸಾಲನ್ನು ಮಾತ್ರ ನಿನ್ನ ಮುಖ ನೋಡಿ, ಬಾಯಿಬಿಟ್ಟು ಹೇಳುತ್ತೇನೆ. ಪೊಲೀಸಿನವರು ಬಂದ ದಿನ ನಾನು ಮನೆಯಲ್ಲೇ ಇರುತ್ತೇನೆ, ರೇಣುಕಾ. ನೀನು ಕರೆದರೆ ಬಂದು, ಇವಳು ಇಲ್ಲೇ ಇದ್ದಾಳೆ ಎನ್ನುತ್ತೇನೆ. ಕರೆಯದಿದ್ದರೆ ನನ್ನ ಬಾಗಿಲು ತೆರೆಯುವುದಿಲ್ಲ.