ರಾಯರ ಡಬ್ಬಿ, ಬಾತ್‌ರೂಮಿನ ಕೀ

ಗೆಳೆಯರೇ, ಇವತ್ತು ನಮ್ಮ ಮ್ಯಾನೇಜರ್ ರಾಯರ ಊಟದ ಡಬ್ಬಿ ಮುಟ್ಟಲು ಹೋದೆ. ಬೇಕೆಂದೇ ಹೋದೆ.

ಘಣಸೋಲಿ ಸ್ಟೇಷನ್ ಹತ್ತಿರದ ಒಂದು ಸಣ್ಣ ಪ್ರಾಣಿಸಂಗ್ರಹಾಲಯದಲ್ಲಿ ಗಿಳಿಗಳ ಪಂಜರ ತೊಳೆಯುವುದು ನನ್ನ ಕೆಲಸ. ಈ ವಾರ ಎರಡು ಗಿಳಿಗಳಿಗೆ ಕಾಯಿಲೆ. ಹಿಕ್ಕೆಯ ಧೂಳಿನಿಂದ ಮನುಷ್ಯರಿಗೂ ಜ್ವರ ಹತ್ತುತ್ತದೆ, ಸ್ನಾನ ಮಾಡಿ ಬಟ್ಟೆ ಬದಲಿಸಿಯೇ ಮನೆಗೆ ಹೋಗು ಎಂದು ಪ್ರಾಣಿವೈದ್ಯರು ಹೇಳಿದ್ದಾರೆ. ಆದರೆ ಇರುವ ಒಂದೇ ಬಾತ್‌ರೂಮಿಗೆ ರಾಯರು ಬೀಗ ಜಡಿದಿದ್ದಾರೆ. ಅದು ಗೆಸ್ಟ್‌ಗಳಿಗಂತೆ.

ಮಧ್ಯಾಹ್ನ ಹೋಗಿ ಕೀ ಕೇಳಿದೆ. ಉಡುಪಿಯ ರಾಯರು ನಕ್ಕರು. “ಎಂತ ಮಾರಾಯ್ತಿ, ಗಿಳಿ ಹತ್ರವೂ ಮಡಿಯಾ ನಿಂಗೆ? ಮನೆಗೆ ಹೋಗಿ ಸ್ನಾನ ಮಾಡು.”

ಹಿಕ್ಕೆ ಮೆತ್ತಿದ ಗ್ಲೌಸಿನ ಕೈಯನ್ನು ಮೇಜಿನ ಮೇಲಿದ್ದ ಅವರ ಡಬ್ಬಿಯ ಕಡೆ ಚಾಚಿದೆ.

“ಏಯ್, ಮುಟ್ಬೇಡ! ಗಲೀಜು!” ರಾಯರು ಡಬ್ಬಿಯನ್ನು ಎದೆಗವಚಿಕೊಂಡು ಎದ್ದೇಬಿಟ್ಟರು.

“ನಿಮ್ಮ ಡಬ್ಬಿ ಮುಟ್ಬಾರ್ದು. ಠಾಕುರ್ಲಿ ಮನೇಲಿ ನಾನು ಬಾಗ್ಲು ತೆಗ್ದ ಕೂಡ್ಲೇ ಮೂರು ವರ್ಷದ ಮಗಳು ಓಡಿಬಂದು ಅಪ್ಪಿಕೊಳ್ತಾಳೆ. ಅವಳನ್ನ ಮುಟ್ಬಹುದಾ ರಾಯರೇ?”

ರಾಯರು ಡ್ರಾಯರಿನಿಂದ ಕೀ ತೆಗೆದು ದೂರದಿಂದಲೇ ಮೇಜಿನ ಮೇಲೆಸೆದರು.

ಸಂಜೆ ಗೆಸ್ಟ್‌ಗಳ ಸೋಪಿನಲ್ಲೇ ಚೆನ್ನಾಗಿ ಮಿಂದು, ಬಟ್ಟೆ ಬದಲಿಸಿ, ಒದ್ದೆ ಕೂದಲಲ್ಲೇ ಟ್ರೇನ್ ಹತ್ತಿದೆ.

ಕೀ ವಾಪಸ್ ಕೊಟ್ಟಿಲ್ಲ. ಬಾತ್‌ರೂಮಿನ ಬೀಗ ತೆಗೆದಿಟ್ಟು, ಸ್ನಾನಕ್ಕೆ ಮೊದಲೇ ಅದನ್ನು ಗಿಳಿ ಪಂಜರದೊಳಗಿನ ಮೊಳೆಗೆ ನೇತುಹಾಕಿ ಬಂದಿದ್ದೇನೆ. ಬೇಕಿದ್ದರೆ ರಾಯರೇ ಒಳಗೆ ಹೋಗಿ ತೆಗೆದುಕೊಳ್ಳಲಿ.