ಹಿಂದಿರುಗಿ ಬಂದ ಕಂಬಳಿ

ಊರಿನಿಂದ ಜನ ಬರುತ್ತಾರೆಂದರೆ ಸೀತ್ಸ್ಕೆಗೆ ಸಂತೋಷಕ್ಕಿಂತ ಮೊದಲು ತಲೆನೋವು ಬರುತ್ತಿತ್ತು. ಹಾಸಿಗೆ ಹೊಂದಿಸಬೇಕು, ಬಾವಿಯ ನೀರು ಕುದಿಸಿಡಬೇಕು, ಅಂಗಳದ ಮೂಲೆಯ ಪಾಯಿಖಾನೆಗೆ ಸುಣ್ಣ ಬಳಿಯಬೇಕು. ಇದೆಲ್ಲ ಆಗುವ ಕೆಲಸವೇ. ಆಗದ ಕೆಲಸವೆಂದರೆ ಬಂದವರ ಕೈಗಳನ್ನು ತಡೆದು ನಿಲ್ಲಿಸುವುದು. ಹಾಲೆಂಡಿನ ಉತ್ತರದ ಮೂಲೆಯಿಂದ ರೊಮೇನಿಯಾದ ಈ ಗುಡ್ಡದ ಹಳ್ಳಿಯವರೆಗೆ ವ್ಯಾನು ಓಡಿಸಿಕೊಂಡು ಬಂದವರು, ಇಳಿದ ಗಳಿಗೆಯಿಂದಲೇ ಕೊಡುವುದಕ್ಕೆ ಶುರುಮಾಡುತ್ತಿದ್ದರು. ಮಕ್ಕಳಿಗೆ ಚಾಕೊಲೇಟು, ಮುದುಕಿಯರಿಗೆ ಕಾಫಿಪುಡಿ, ಕಂಡಕಂಡವರಿಗೆಲ್ಲ ಕಾಲುಚೀಲ. ರಣಬಿಸಿಲಲ್ಲಿ ಉಣ್ಣೆಯ ಕಾಲುಚೀಲ ಹಿಡಿದುಕೊಂಡು ನಿಂತವರ ಅವಸ್ಥೆ ಏನೆಂದು ಅವರಿಗೆ ಯಾರು ಹೇಳಬೇಕು!

ಹಾಗೆಂದು ಅವರನ್ನು ಬರಬೇಡಿ ಅನ್ನುವ ಹಾಗೂ ಇರಲಿಲ್ಲ. ಮೂವತ್ತು ದಾಟುವ ಮೊದಲೇ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಇಲ್ಲಿಗೆ ಬಂದ ನರ್ಸು ಅವಳು. ಈಗ ತಲೆ ಅರ್ಧ ಬೆಳ್ಳಗಾಗಿದೆ. ಬೆಳಿಗ್ಗೆ ಎದ್ದು ಮನೆ ಮನೆಗೆ ಹೋಗಿ, ಹಾಸಿಗೆ ಹಿಡಿದವರ ಮೈ ಒರೆಸಿ, ಹುಣ್ಣಿಗೆ ಮದ್ದು ಹಚ್ಚಿ, ಉಗುರು ಕತ್ತರಿಸಿ, ಬೈಗುಳ ತಿಂದು ಬರುವುದು ಅವಳ ಬದುಕು. ಆ ಮದ್ದು, ಬ್ಯಾಂಡೇಜು, ಮುದುಕರ ಚಡ್ಡಿ ಎಲ್ಲ ಬರುತ್ತಿದ್ದದ್ದು ಅವಳ ಊರಿನ ಚರ್ಚಿನ ವ್ಯಾನಿನಲ್ಲೇ.

ಈ ಸಲ ವ್ಯಾನಿನಲ್ಲಿ ಅವಳ ತಂಗಿ ರೆನ್ಸ್ಕೆ ಬರುವವಳಿದ್ದಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ. ಆ ಸುದ್ದಿ ಲಿಯೊಂತಿನಾ ಅಜ್ಜಿಯ ಕಿವಿಗೂ ಬಿತ್ತು.

"ನಿನ್ನ ಊರೋರು ಬತ್ತಾರಂತಲ್ಲವ್ವ," ಅಂದಳು ಅಜ್ಜಿ. ಸೀತ್ಸ್ಕೆ ನೆಲದ ಮೇಲೆ ಕೂತು ಅವಳ ಊದಿದ ಕಾಲು ತೊಳೆಯುತ್ತಿದ್ದಳು. "ನಾನು ನಂದು ಅವರಿಗೇ ಕೊಟ್ಬುಡ್ತೀನಿ."

ಅಜ್ಜಿ ಕೊಡುತ್ತೇನೆ ಅಂದದ್ದು ಏನೆಂದು ಆ ಹಳ್ಳಿಯಲ್ಲಿ ಕೇಳಿ ತಿಳಿಯಬೇಕಾಗಿರಲಿಲ್ಲ. ಅಲ್ಲಿ ಯಾರಾದರೂ ಸತ್ತರೆ ಅವರ ಹೆಸರಲ್ಲಿ ಮನೆಯವರು ಕಂಬಳಿ, ಪಾತ್ರೆ, ನೀರಿನ ಬಕೆಟ್ಟು ದಾನ ಕೊಡುತ್ತಾರೆ. ತೆಗೆದುಕೊಂಡವರು ಇಲ್ಲಿ ಹೊದ್ದರೆ ಸತ್ತವರಿಗೆ ಅಲ್ಲಿ, ಪರಲೋಕದಲ್ಲಿ, ಬೆಚ್ಚಗೆ, ಇಲ್ಲಿ ಉಂಡರೆ ಅವರಿಗೆ ಅಲ್ಲಿ ಊಟ. ಹಿಂದೆ ಮುಂದೆ ಯಾರೂ ಇಲ್ಲದವರು ಬದುಕಿದ್ದಾಗಲೇ ತಮ್ಮದನ್ನು ತಮ್ಮ ಕೈಯಾರೆ ಕೊಟ್ಟು ಮುಗಿಸುತ್ತಾರೆ, ತಮ್ಮ ಪಿಂಡ ತಾವೇ ಇಟ್ಟುಕೊಂಡ ಹಾಗೆ. ಲಿಯೊಂತಿನಾಳ ಗಂಡ ಹೋಗಿ ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು, ಅವಳೂ ತಾಯಿಗಿಂತ ಮೊದಲೇ ಹೋದಳು.

"ಇಲ್ಲೇ ಯಾರಿಗಾದ್ರೂ ಕೊಡಜ್ಜಿ. ಪಕ್ಕದ ಮನೆ ವೇತಾ ಇದಾಳಲ್ಲ?"

"ವೇತಾನಾ? ಅವಳೂ ಮುದುಕಿ, ನನ್ನ ಬೆನ್ನಿಗೇ ಬರೋಳು! ಆಮೇಲೆ ನನ್ನ ಕಂಬಳಿ ಹೊದಿಯೋರು ಯಾರು? ನಿನ್ನೋರು ಗಟ್ಟಿಮುಟ್ಟಾಗವ್ರೆ, ಹಾಲು ಬೆಣ್ಣೆ ತಿಂದು ಬೆಳ್ದೋರು. ಇನ್ನೂ ಶಾನೆ ದಿನ ಇರ್ತಾರೆ." ಅಜ್ಜಿ ಮತ್ತೆ ಅಂದಳು, "ನಂಗೆ ಅಲ್ಲಿ ಚಳೀಲಿ ಕೂರೋಕೆ ಹೆದ್ರಿಕೆ ಕಣವ್ವ."

ಸೀತ್ಸ್ಕೆ ಆಗಲಿ ಅಂದುಬಿಟ್ಟಳು. ಅನ್ನದೆ ಇನ್ನೇನು ಮಾಡಿಯಾಳು?

ವ್ಯಾನು ಬಂತು. ಅಕ್ಕತಂಗಿ ಅಂಗಳದಲ್ಲೇ ತಬ್ಬಿಕೊಂಡು ಅತ್ತರು. ಮುಂದಾಳಾಗಿ ಬಂದಿದ್ದ ಬೌಕೆ ಚರ್ಚಿನ ಹಿರಿಯ, ಹಸು ಸಾಕುವ ರೈತ, ಒಳ್ಳೆಯ ಮನುಷ್ಯ. ಆದರೆ ಸತ್ತವರಿಗೆ ದೀಪ ಹಚ್ಚುವುದು, ಅವರ ಹೆಸರಲ್ಲಿ ಕೊಡುವುದು ತೆಗೆದುಕೊಳ್ಳುವುದು ಅಂದರೆ ಅವನಿಗೆ ಮೈಯೆಲ್ಲ ಉರಿ, ಅವನ ಚರ್ಚಿನಲ್ಲಿ ಅದೆಲ್ಲ ಪಾಪ. ಇದು ಸೀತ್ಸ್ಕೆಗೆ ಚೆನ್ನಾಗಿ ಗೊತ್ತು. ಅದಕ್ಕೇ ಅವಳು, "ಅಜ್ಜಿ ಏನೋ ಕೊಡ್ತಾಳೆ, ಬೇಡ ಅನ್ನಬೇಡಿ, ಅವಳಿಗೆ ಬೇಜಾರಾಗುತ್ತೆ," ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡಳು.

ಅವರು ಹೊರಡುವ ಹಿಂದಿನ ಸಂಜೆ ಅಜ್ಜಿ ಕಪ್ಪು ವಸ್ತ್ರ ತಲೆಗೆ ಕಟ್ಟಿ, ಮೇಣದ ಬತ್ತಿ ಹಚ್ಚಿ, ತನ್ನ ಮದುವೆಯ ಪೆಟ್ಟಿಗೆಯಿಂದ ತೆಗೆದ ಕೆಂಪು ಪಟ್ಟಿಯ ಕಂಬಳಿಯನ್ನು ರೆನ್ಸ್ಕೆಯ ತೋಳಿನ ಮೇಲಿಟ್ಟಳು. ತಾಮ್ರದ ಪಾತ್ರೆ ಬೌಕೆಗೆ ಹೋಯಿತು. ಬತ್ತಿ ಯಾತಕ್ಕೆ ಎಂದು ಅವನು ಹುಬ್ಬು ಗಂಟಿಕ್ಕಿದ. "ಕರೆಂಟು ಹೋಗ್ತಾ ಬರ್ತಾ ಇರುತ್ತೆ," ಅಂದಳು ಸೀತ್ಸ್ಕೆ, ಕಣ್ಣು ಕೂಡ ಮಿಟುಕಿಸದೆ. ಅಂದು ಅಜ್ಜಿ ಮಗುವಿನ ಹಾಗೆ ನಿದ್ದೆ ಮಾಡಿದಳಂತೆ.

ಮರುದಿನ ಬೆಳಿಗ್ಗೆ ಬೇಗ ವ್ಯಾನು ಹೊರಟಿತು. ಸೀತ್ಸ್ಕೆ ಹಾಸಿಗೆ ಬಟ್ಟೆ ಒಗೆದು ಹರವುವ ಹೊತ್ತಿಗೆ ವೇತಾ ಎದೆ ಬಡಿದುಕೊಂಡು ಬಂದಳು.

"ಏನವ್ವ ಮಾಡ್ಬುಟ್ರು ನಿನ್ನೋರು! ಕೊಟ್ಟಿದ್ದನ್ನೆಲ್ಲ ತಂದು ಬಾಗಿಲಲ್ಲಿ ಸುರಿದು ಹೋಗವ್ರೆ! ಮೇಲೊಂದು ಕಾಫಿಪುಡಿ ಪೊಟ್ಟಣ ಬೇರೆ!"

ಸೀತ್ಸ್ಕೆ ಒದ್ದೆ ಕೈಯಲ್ಲೇ ಅಜ್ಜಿಯ ಮನೆಗೆ ಓಡಿದಳು. ಮಡಿಸಿದ ಕಂಬಳಿ, ಅದರ ಮೇಲೆ ತಾಮ್ರದ ಪಾತ್ರೆ, ಪಾತ್ರೆಯೊಳಗೆ ಕಾಫಿಪುಡಿ, ಚಾಕೊಲೇಟು. ಅಜ್ಜಿ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಬೇಡ ಅಂತ ಕಳಿಸ್ಬುಟ್ರಲ್ಲೇ ನನ್ನ," ಅಂದಳು, ತಿರುಗದೆ. "ಇನ್ನು ಅಲ್ಲೂ ಹಿಂಗೇಯಾ. ಬರಿ ನೆಲ."

ಸೀತ್ಸ್ಕೆ ಹೊರಗೆ ಬಂದು ತನ್ನ ಮುದಿ ಕಾರು ಹತ್ತಿದಳು. ಅದು ಕೆಮ್ಮಿತು, ಗೊಣಗಿತು, ಕೊನೆಗೆ ಹೊರಟಿತು. ತನ್ನ ಜನ ಅವಳಿಗೆ ಗೊತ್ತು. ಆಕಾಶವೇ ಕಳಚಿ ಬೀಳಲಿ, ಮಧ್ಯಾಹ್ನವಾಯಿತೆಂದರೆ ರಸ್ತೆ ಪಕ್ಕ ನೆರಳು ಕಂಡಲ್ಲಿ ನಿಲ್ಲಿಸಿ ಬ್ರೆಡ್ಡು ಚೀಸು ಬಿಚ್ಚುವವರು. ಹಾಗೆಯೇ ಆಯಿತು. ನದಿಯ ಸೇತುವೆಗೆ ಮುಂಚೆ, ಅಕ್ರೋಟು ಮರಗಳ ಕೆಳಗೆ ಬಟ್ಟೆ ಹಾಸಿಕೊಂಡು ಕೂತಿದ್ದರು.

"ಊಟಕ್ಕೆ ಬಂದೆಯಾ?" ಎಂದು ಬೌಕೆ ನಕ್ಕ.

"ಕಂಬಳಿ ವಾಪಸು ಇಟ್ಟವರು ಯಾರು?"

"ನಾನೇ ಕಣಕ್ಕ," ಅಂದಳು ರೆನ್ಸ್ಕೆ, ಹೆಮ್ಮೆಯಿಂದ. "ಅದನ್ನ ಕೊಟ್ಟುಬಿಟ್ಟರೆ ಚಳಿಗಾಲಕ್ಕೆ ಅಜ್ಜಿ ಏನು ಹೊದೀತಾಳೆ? ಎದುರಿಗೇ ಬೇಡ ಅಂದ್ರೆ ನೊಂದ್ಕೋತಾಳೆ ಅಂತ, ಅವಳು ಏಳೋ ಮೊದಲೇ ಬಾಗಿಲ ಹತ್ರ ಇಟ್ಟು ಬಂದೆ. ಬೌಕೆ ಮಾವನ ಪಾತ್ರೇನೂ ಇಟ್ಟೆ. ಪಾಪ, ಅವಳ ಹತ್ರ ಇರೋದೇ ಅಷ್ಟು."

ಬೈಯಬೇಕೆಂದು ಬಂದ ಸೀತ್ಸ್ಕೆಗೆ ಆ ಮುಖ ನೋಡಿ ಅಳು ಬಂತು. ಬಂದ ಹೊಸತರಲ್ಲಿ ತಾನಾಗಿದ್ದರೂ ಇದನ್ನೇ ಮಾಡುತ್ತಿದ್ದಳು. ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು, ಬತ್ತಿಯ ಸುಳ್ಳನ್ನೂ ಸೇರಿಸಿ.

ಬೌಕೆ ಚೀಸಿನ ಚಾಕು ಒರೆಸಿ ಮಡಚಿದ. "ಪಾತ್ರೆ, ಕಂಬಳಿ ಸತ್ತವರ ಹಿಂದೆ ಹೋಗುತ್ತೆ ಅಂತ ನೀನೂ ನಂಬ್ತೀಯಾ?"

"ನಾನು ನಂಬ್ತೀನೋ ಬಿಡ್ತೀನೋ, ಅದು ಯಾರಿಗೆ ಬೇಕು ಮಾವ? ಅವಳು ನಂಬಿದಾಳೆ. ಅವಳ ಕಾಲು ತೊಳೆಯೋ ಮುಂಚೆ ನಿನ್ನ ನಂಬಿಕೆ ಏನು ಅಂತ ಕೇಳ್ತೀನಾ ನಾನು? ಎಲ್ಲರಿಗೂ ಕೊಡೋಕೆ ಬರ್ತೀರಿ. ಒಂದೇ ಒಂದು ಸಲ ತಗೊಳ್ಳಿ ಅಂದ್ರೆ ಯಾಕಿಷ್ಟು ಕಷ್ಟ?"

"ಸತ್ತವರ ಹೆಸರಿನದ್ದನ್ನ ನಾನು ಮುಟ್ಟಲ್ಲ. ನೀನು ನಮಗೆ ಸುಳ್ಳು ಹೇಳಿದೀಯ, ಅದನ್ನ ಚರ್ಚಲ್ಲಿ ಹೇಳಲೇಬೇಕಾಗುತ್ತೆ. ಆಮೇಲೆ ವ್ಯಾನು ಬರುತ್ತೋ ಇಲ್ಲವೋ, ನನ್ನ ಕೈಲಿಲ್ಲ."

ವ್ಯಾನು ಬರದಿದ್ದರೆ ಮದ್ದಿಲ್ಲ, ಬ್ಯಾಂಡೇಜಿಲ್ಲ. ಹಾಸಿಗೆ ಹಿಡಿದ ಒಬ್ಬೊಬ್ಬರ ಮುಖವೂ ಸೀತ್ಸ್ಕೆಯ ಕಣ್ಣ ಮುಂದೆ ಬಂತು. ಹೆದರಿದಳು, ನಿಜಕ್ಕೂ ಹೆದರಿದಳು. ಆದರೆ ಗೋಡೆಗೆ ತಿರುಗಿದ ಆ ಬೆನ್ನೂ ಕಣ್ಣಿಂದ ಮರೆಯಾಗಲಿಲ್ಲ.

"ಹೇಳಿ ಮಾವ, ಒಂದೂ ಬಿಡದೆ ಹೇಳಿ. ವ್ಯಾನು ಬರದಿದ್ರೆ ಮೊದಲು ಮಾಡ್ತಿದ್ದ ಹಾಗೆ ಹಳೇ ದುಪ್ಪಟಿ ಹರಿದು ಹುಣ್ಣಿಗೆ ಕಟ್ತೀನಿ. ಅವಳನ್ನ ಮಾತ್ರ ಹೀಗೆ ಬಿಡಲ್ಲ. ರೆನ್ಸ್ಕೆ, ಹತ್ತೇ ಕಾರು."

ರೆನ್ಸ್ಕೆ ಕೈಯಲ್ಲಿದ್ದ ಬ್ರೆಡ್ಡನ್ನು ಕೆಳಗಿಟ್ಟಳು. "ನೀವು ಹೊರಡಿ ಮಾವ," ಅಂದಳು. "ನಾನು ಆಮೇಲೆ ಬಸ್ಸಲ್ಲಿ ಊರಿಗೆ ಬರ್ತೀನಿ."

ಅಜ್ಜಿ ಇನ್ನೂ ಗೋಡೆ ನೋಡುತ್ತಲೇ ಇದ್ದಳು. ಸೀತ್ಸ್ಕೆ ಕಾಲಿನ ಹತ್ತಿರ ಕೂತು ಬೇಡಿಕೊಂಡಳು. "ತಪ್ಪಾಯ್ತಜ್ಜಿ. ಅವಳಿಗೆ ಗೊತ್ತಿರಲಿಲ್ಲ. ಇನ್ನೊಂದು ಸಲ ಕೊಡು."

"ಕೊಡೋಕೆ ನಾನೇನು ಅಂಗ್ಡಿ ಇಟ್ಟಿದೀನಾ? ಒಂದ್ಸಲ ಕೊಟ್ಟಾಯ್ತು, ಅವರು ಬಿಸಾಕಿದ್ದೂ ಆಯ್ತು. ಹೋಗ್ರವ್ವ."

"ಆ ಪಾತ್ರೆ ನಂಗೆ ಕೊಡು, ನಾನಿಟ್ಕೋತೀನಿ."

"ನಿಂಗಾ? ನೀನು ಒಲೆ ಹಚ್ಚೋದೇ ಹಬ್ಬಕ್ಕೊಂದ್ಸಲ! ನಾನು ಅಲ್ಲಿ ಉಪವಾಸ ಬಿದ್ದಿರ್ಲಾ?" ಎಂದು ಅಜ್ಜಿ ಗೋಡೆಗೇ ಬೈದಳು.

ರೆನ್ಸ್ಕೆಗೆ ಆ ಭಾಷೆಯ ಒಂದು ಮಾತೂ ಅರ್ಥವಾಗಲಿಲ್ಲ. ಕಾರಿನಲ್ಲಿ ಅಕ್ಕ ಒಂದೇ ಒಂದು ಮಾತು ಕಲಿಸಿದ್ದಳು, ದಾನ ಹಿಡಿದವರು ದೇವರು ಒಳ್ಳೆಯದು ಮಾಡಲಿ ಎಂದು ಹೇಳುವ ಮಾತು. ಅವಳು ಬಾಗಿಲಿಗೆ ಹೋಗಿ ಕಂಬಳಿ ಎತ್ತಿಕೊಂಡು ಬಂದಳು. ಸುಡುಬೇಸಿಗೆ, ಒಳಗೆ ನೊಣ ಕೂಡ ಹಾರುತ್ತಿರಲಿಲ್ಲ. ಅವಳು ಆ ದಪ್ಪ ಉಣ್ಣೆಯನ್ನು ತಲೆಯಿಂದ ಕಾಲಿನವರೆಗೆ ಹೊದ್ದು, ಅಜ್ಜಿಯ ಮಂಚದ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. "ಬೊಗ್ದಾಪ್ರೋಸ್ತೆ," ಅಂದಳು, ತೊದಲುತ್ತ. ಮತ್ತೆ ಅಂದಳು. ಬೆವರು ಹಣೆಯಿಂದ ಇಳಿದು ಮೂಗಿನ ತುದಿಗೆ ಬಂತು. ಒರೆಸಿಕೊಳ್ಳಲಿಲ್ಲ, ಏಳಲೂ ಇಲ್ಲ.

ಎಷ್ಟೋ ಹೊತ್ತಿನ ಮೇಲೆ ಅಜ್ಜಿ ಮಗ್ಗುಲು ಬದಲಿಸಿದಳು. ಕೆಂಪಗೆ ಬೆಂದುಹೋಗಿದ್ದ ಆ ಮುಖವನ್ನು ಮೇಲಿಂದ ಕೆಳಗೆ ನೋಡಿದಳು. ಕೈಚಾಚಿ ಕಂಬಳಿಯ ಅಂಚು ಹಿಡಿದು ಜಗ್ಗಿದಳು.

"ಅಯ್ಯೋ, ತೆಗಿಯೇ ಅದನ್ನ, ತಿಕ್ಕಲಿ! ಈ ಬಿಸಿಲಲ್ಲಿ ಹಿಂಗೆ ಹೊದ್ಕೊಂಡ್ರೆ ನಾನು ಅಲ್ಲಿ ಸೆಕೇಲಿ ಬೇಯಲ್ವಾ?"