ಖಾಲಿ ಗೂಡು ಕಂಡರಾಗದ ಮೊಳೆ ಮಾವ

ನಲವತ್ತು ವರ್ಷ ಛಾಪಖಾನೆಯಲ್ಲಿ ಸೀಸದ ಅಚ್ಚುಮೊಳೆ ಜೋಡಿಸಿದ್ದಕ್ಕೆ ಅವರಿಗೆ ಮೊಳೆ ಮಾವ ಎಂಬ ಹೆಸರೇ ನಿಂತುಬಿಟ್ಟಿತ್ತು. ಅವರು ಜೋಡಿಸಿದ ಅಕ್ಷರಗಳನ್ನು ಸಾಲಾಗಿ ಇಟ್ಟರೆ ಚಂದ್ರನನ್ನು ಮುಟ್ಟಿ, ಅಲ್ಲೊಂದು ಪ್ರೂಫ್ ತೆಗೆದು, ವಾಪಸು ಬರಬಹುದಿತ್ತು. ಈಗ ಅದೇ ಕೆಲಸ ಮನೆಯ ಕಂಪ್ಯೂಟರಿನಲ್ಲಿ. ಹೆಂಡತಿ ತೀರಿಕೊಂಡು ಆರು ವರ್ಷ. ಮನೆ ಎಷ್ಟು ನಿಶ್ಶಬ್ದವೆಂದರೆ ಗೋಡೆಯ ಹಲ್ಲಿಯೂ ಬೇಸತ್ತು ಪಕ್ಕದ ಮನೆಗೆ ಗುಳೆ ಹೋಗಿತ್ತು.

ಅವರಿಗೆ ಕೆಲಸ ಕೊಡುತ್ತಿದ್ದುದು ಒಂದೇ ಒಂದು ಪ್ರೆಸ್ಸು. ಬೇರುಗಳ ಕುರಿತ ಪುಸ್ತಕದ ಇನ್ನೂರು ಪುಟ ಶನಿವಾರ ಸಂಜೆಯೊಳಗೆ ಬಾರದಿದ್ದರೆ ಮುಂದಿನದು ಬೇರೆಯವರ ಪಾಲು ಎಂದಿದ್ದರು ಅದರ ಯಜಮಾನರು. ಆ ಕೆಲಸ ಹೋದರೆ ಮಾವನನ್ನು ವಿಚಾರಿಸುವವರೇ ಇರಲಿಲ್ಲ.

ಕಂಪ್ಯೂಟರ್ ಆಮೆಗೆ ಅಣ್ಣನಾಗಿದೆಯೆಂದು ಸೋಮವಾರ ರಿಪೇರಿ ಅಂಗಡಿಯಾಕೆ ಬಂದು, ಹಳೆಯ ಎರಡು ಮೆಮೊರಿ ಪಟ್ಟಿಗಳನ್ನು ಕಿತ್ತು ಹೊಸವೆರಡನ್ನು ಹಾಕಿ ಹೋಗಿದ್ದಳು. ಮಂಗಳವಾರದಿಂದ ಶುರುವಾಯಿತು ಗ್ರಹಚಾರ. ಅರ್ಧ ಪುಟ ಆಗುವಷ್ಟರಲ್ಲಿ ತೆರೆಯೆಲ್ಲ ನೀಲಿ, ಟೈಪು ಮಾಡಿದ್ದೆಲ್ಲ ಗಾಳಿಗೆ.

"ಫ್ಯಾನ್ ತಿರುಗ್ತಿದೆಯಾ ಮಾವ?" ಫೋನಿನಲ್ಲಿ ಅಂಗಡಿಯಾಕೆ ಕೇಳಿದಳು.

"ತಿರುಗ್ತಿದೆ. ಇನ್ನೊಂಚೂರು ತಿರುಗಿದ್ರೆ ಮನೇನೇ ಹಾರಿಹೋಗುತ್ತೆ."

"ಧೂಳು?"

"ಗಡ್ಡದ ಬ್ರಷ್ಷಲ್ಲಿ ಉಜ್ಜಿದೀನಿ. ನನ್ನ ಕೆನ್ನೆಗೂ ಅಷ್ಟು ಉಪಚಾರ ಆಗಿಲ್ಲ."

"ನಾನು ಹೋದ್ಮೇಲೆ ನೀವೇನಾದ್ರೂ ಮುಟ್ಟಿದ್ರಾ?"

"ನಾನ್ಯಾಕೆ ಮುಟ್ಲಿ ತಾಯಿ!"

ಮುಟ್ಟಿದ್ದರು. ಆಕೆ ಹೋದ ಮೇಲೆ ಪೆಟ್ಟಿಗೆಯೊಳಗೆ ಇಣುಕಿದರೆ ನಾಲ್ಕು ಗೂಡುಗಳಲ್ಲಿ ಎರಡು ಖಾಲಿ. ಛಾಪಖಾನೆಯಲ್ಲಿ ಅಕ್ಷರವಿಲ್ಲದ ಜಾಗಕ್ಕೂ ಸೀಸದ ತುಂಡು ತುರುಕಬೇಕು. ಇಲ್ಲದಿದ್ದರೆ ಪುಟ ಎತ್ತಿದೊಡನೆ ಮೊಳೆಗಳೆಲ್ಲ ಉದುರಿ ನೆಲದ ಪಾಲು. ಆ ಕೈ ಸುಮ್ಮನಿದ್ದೀತೇ? ಆಕೆ ಮೇಜಿನ ಮೇಲೆ ಬಿಟ್ಟುಹೋಗಿದ್ದ ಹಳೆಯ ಪಟ್ಟಿಗಳನ್ನೇ ಒತ್ತಿ ಕೂರಿಸಿ, ಪುಟ ಕಟ್ಟಿದ ಸಮಾಧಾನದಲ್ಲಿ ಮುಚ್ಚಳ ಬಿಗಿದಿದ್ದರು.

ತಪ್ಪು ಅಲ್ಲೇ ಇರಬಹುದೆಂಬ ಅನುಮಾನ ಬುಧವಾರವೇ ಬಂದಿತ್ತು. ಆದರೆ ಆಕೆ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದಳು. ಆರು ವರ್ಷಗಳಲ್ಲಿ ಅವರನ್ನು ಯಾರೂ ಇಷ್ಟೊಂದು ಪ್ರಶ್ನೆ ಕೇಳಿರಲಿಲ್ಲ.

ಸೋಮವಾರ ಉಳಿದಿದ್ದ ಅರವತ್ತು ಪುಟ ಶುಕ್ರವಾರ ಬೆಳಿಗ್ಗೆಯೂ ಹಾಗೇ ಬಾಕಿ. ಮಾವ ಬಾಯಿಬಿಟ್ಟರು.

"ಆ ಹಳೇವು... ಜಾಗ ಖಾಲಿ ಇತ್ತಲ್ಲಮ್ಮ, ಅಲ್ಲಿ ಕೂರಿಸಿದೆ."

"ಅಯ್ಯೋ ಮಾವ! ಹಳೇವು ನಿಧಾನ, ಹೊಸವು ಚುರುಕು. ಎತ್ತು, ಕುದುರೆ ಎರಡನ್ನೂ ಒಂದೇ ಬಂಡಿಗೆ ಕಟ್ಟಿದೀರಲ್ಲ, ಮಗುಚದೆ ಇನ್ನೇನಾಗುತ್ತೆ? ಮೊದಲು ವೈರ್ ಕಿತ್ತು, ಅವೆರಡನ್ನ ತೆಗೀರಿ."

"ಜಾಗ ಹಾಗೇ ಬೋಳಾಗಿರ್ಲಾ?"

"ಇರ್ಲಿ ಬಿಡಿ ಮಾವ. ಎಲ್ಲರ ಮನೇಲೂ ಹಾಗೇ ಇರುತ್ತೆ."

ತೆಗೆದರು. ಕಂಪ್ಯೂಟರ್ ಒಂದು ಸಲವೂ ಕೆಮ್ಮದೆ ಓಡಿತು. ಶನಿವಾರ ನಾಲ್ಕು ಗಂಟೆಗೆ ಕೊನೆಯ ಪುಟ ಹೋಯಿತು. 'ಸಿಕ್ಕಿತು. ಮುಂದಿನದು ಸೋಮವಾರ' ಎಂದು ಯಜಮಾನರ ಸಂದೇಶ ಬಂತು. ಕೆಲಸ ಉಳಿಯಿತು.

ಭಾನುವಾರವಿಡೀ ಫೋನ್ ಸದ್ದಿಲ್ಲ. ಸಂಜೆ ಮಾವನೇ ಮಾಡಿದರು.

"ಮತ್ತೆ ಕೆಟ್ಟಿದ್ಯಾ ಮಾವ?"

"ಇಲ್ಲಮ್ಮ. ಜಿಂಕೆ ಥರ ಓಡ್ತಿದೆ."

"ಮತ್ತೇನು?"

ನಲವತ್ತು ವರ್ಷ ಊರಿಗೆಲ್ಲ ಅಕ್ಷರ ಹಂಚಿದ ಮಾವ ಪೆಟ್ಟಿಗೆಯ ಮುಚ್ಚಳ ಸವರಿದರು. "ಅದನ್ನೇ ಹೇಳೋಣಾಂತ," ಎಂದರು.

"ಸರಿ ಮಾವ, ಅಂಗಡೀಲಿ ಜನ ಇದಾರೆ," ಎಂದಳು ಆಕೆ.

ಮಾವ ಫೋನನ್ನು ಕೀಲಿಮಣೆಯ ಪಕ್ಕದಲ್ಲಿಟ್ಟು, ಸೋಮವಾರದ ಕೆಲಸಕ್ಕೆ ಭಾನುವಾರವೇ ಖಾಲಿ ಪುಟವೊಂದನ್ನು ತೆರೆದು ಕೂತರು.